ಎಕ್ಸ್‌ಟ್ರಾ ಲೈಫ್: ಮಕ್ಕಳ ಆಸ್ಪತ್ರೆಗಾಗಿ 24 ಗಂಟೆ ಗೇಮಿಂಗ್, ಈ ಸೇವೆ ಎಷ್ಟು ಕೆಲಸಕ್ಕೆ ಬರುತ್ತದೆ?

ವಿಡಿಯೋ ಗೇಮ್ ಆಡಿ ದುಡ್ಡು ಕೂಡಿಸಿ ಮಕ್ಕಳ ಆಸ್ಪತ್ರೆಗೆ ಕೊಡೋಣ ಎಂದು ಹೊರಡುವ ಗುಂಪುಗಳು ಮೊದಲು ಎಡವುವುದು ಲೆಕ್ಕದಲ್ಲಿ. ಯಾರ ಖಾತೆಗೆ ಬಂತು, ರಸೀದಿ ಯಾರು ಕೊಡಬೇಕು, ಆಸ್ಪತ್ರೆಗೆ ತಲುಪಿತೇ ಎಂಬ ಮಾತು ಎದ್ದರೆ ಮುಂದಿನ ವರ್ಷ ಯಾರೂ ಕೈ ಜೋಡಿಸುವುದಿಲ್ಲ. ಗೇಮ್ ಆಡುತ್ತಾ ಪರಿಚಯದವರಿಂದ ದೇಣಿಗೆ ಕೂಡಿಸುವವರಿಗಾಗಿ ಇರುವ ಎಕ್ಸ್‌ಟ್ರಾ ಲೈಫ್ ಎಂಬ ಅಮೆರಿಕದ ಸೇವೆ ಈ ಭಾರವನ್ನು ಪೂರ್ತಿ ತಾನೇ ಹೊರುತ್ತದೆ. ನೋಂದಣಿಗೆ ಶುಲ್ಕವಿಲ್ಲ. ನಿಮ್ಮ ಹೆಸರಿನ ಪುಟಕ್ಕೆ ಬಂದ ದೇಣಿಗೆ ನೇರ ಸಂಸ್ಥೆಗೆ ಹೋಗುತ್ತದೆ, ರಸೀದಿ ದಾನಿಯ ಇಮೇಲ್‌ಗೆ ಬರುತ್ತದೆ. ಸಂಘಟಕರ ಕೈಗೆ ಒಂದು ಡಾಲರೂ ತಾಗುವುದಿಲ್ಲ. ಇದೊಂದಕ್ಕೇ ಈ ಸೇವೆಯನ್ನು ಧೈರ್ಯವಾಗಿ ಶಿಫಾರಸು ಮಾಡಬಹುದು.

ಇದು ಶುರುವಾದದ್ದು 2008ರಲ್ಲಿ, ಅಮೆರಿಕದ ಟೆಕ್ಸಸ್‌ನಲ್ಲಿ. ಲ್ಯುಕೇಮಿಯಾದಿಂದ ತೀರಿಕೊಂಡ ವಿಕ್ಟೋರಿಯಾ ಎನ್ಮನ್ ಎಂಬ ಹುಡುಗಿಯ ನೆನಪಿಗೆ, ಹ್ಯೂಸ್ಟನ್ನಿನ ಟೆಕ್ಸಸ್ ಚಿಲ್ಡ್ರನ್ಸ್ ಆಸ್ಪತ್ರೆಗಾಗಿ ಗೇಮರ್‌ಗಳ ಒಂದು ಬಳಗ ಕೈಗೊಂಡ ಕೆಲಸ ಅದು. ಈಗ ಮಕ್ಕಳ ಆಸ್ಪತ್ರೆಗಳಿಗೆ ಹಣ ಕೂಡಿಸುವ ಚಿಲ್ಡ್ರನ್ಸ್ ಮಿರಾಕಲ್ ನೆಟ್‌ವರ್ಕ್ ಹಾಸ್ಪಿಟಲ್ಸ್ ಎಂಬ ಸಂಸ್ಥೆ ಇದನ್ನು ನಡೆಸುತ್ತದೆ. ಈವರೆಗೆ ಕೂಡಿದ ಹಣ 10 ಕೋಟಿ ಡಾಲರ್ ದಾಟಿದೆ.

ನೋಂದಣಿಯಲ್ಲಿ ಒಂದು ಆಯ್ಕೆಗೆ ನಿಧಾನಿಸಿ: ಆಸ್ಪತ್ರೆ. ನೀವು ಆರಿಸಿದ ಆಸ್ಪತ್ರೆಗೇ ನಿಮ್ಮ ಪುಟದ ಹಣ ಸಲ್ಲುತ್ತದೆ. ಡಲ್ಲಾಸಿನಲ್ಲಿರುವ ಗೆಳೆಯ ಹ್ಯೂಸ್ಟನ್ನಿನ ತಂಡಕ್ಕೆ ಸೇರಿ ತನ್ನ ಊರಿನ ಆಸ್ಪತ್ರೆಯನ್ನೇ ಇಟ್ಟುಕೊಳ್ಳಬಹುದು. ತಂಡದ ಮೊತ್ತ ಒಂದೇ ಕಾಣಿಸಿದರೂ ಹಣ ಹೋಗುವುದು ಎರಡು ಕಡೆಗೆ. ‘ಎಲ್ಲವೂ ಹ್ಯೂಸ್ಟನ್ನಿಗೆ’ ಎಂದು ದಾನಿಗಳಿಗೆ ಹೇಳಿದ ಮೇಲೆ ಇದು ಗೊತ್ತಾದರೆ ಮುಜುಗರ. ಹಾಗಾಗಿ ಸದಸ್ಯರು ಯಾವ ಆಸ್ಪತ್ರೆ ಆರಿಸಿದ್ದಾರೆಂದು ಮೊದಲೇ ಕೇಳಿ ಖಚಿತಪಡಿಸಿಕೊಳ್ಳಿ.

ಪುಟದ ಹಿಂದೆ ಕೆಲಸ ಮಾಡುವುದು ಡೋನರ್‌ಡ್ರೈವ್ ಎಂಬ ವ್ಯವಸ್ಥೆ. ಇದರ ಎಪಿಐ, ಅಂದರೆ ಬೇರೆ ತಂತ್ರಾಂಶಗಳು ಮಾಹಿತಿ ಪಡೆಯುವ ದಾರಿ, ಸಾರ್ವಜನಿಕ. ಒಟ್ಟು ಮೊತ್ತ, ಗುರಿ, ಇತ್ತೀಚಿನ ದಾನಿಯ ಹೆಸರು ಮತ್ತು ಸಂದೇಶವನ್ನು ಅದರಿಂದ ಎಳೆದು, ಆಟವನ್ನು ನೇರಪ್ರಸಾರ ಮಾಡುವ ಓಬಿಎಸ್ ತಂತ್ರಾಂಶದಲ್ಲಿ ಪರದೆಯ ಮೇಲೆ ತೋರಿಸಬಹುದು. ಇದಕ್ಕೆ ಸ್ವಂತ ಪ್ರೋಗ್ರಾಂ ಬರೆಯುವವರು ಎಪಿಐಯನ್ನು 15 ಸೆಕೆಂಡಿಗೊಮ್ಮೆ ಕೇಳಿದರೆ ಸಾಕು, ಸೆಕೆಂಡಿಗೊಮ್ಮೆ ಬಡಿಯಬೇಡಿ. ದಾನಿಯ ಸಂದೇಶವನ್ನು ಯಾರೂ ನೋಡದೆ ನೇರ ಪರದೆಗೆ ಬಿಡುವುದು ಅಪಾಯ. 5 ಡಾಲರ್ ಕೊಟ್ಟು ಅಸಭ್ಯ ಸಾಲು ಹಾಕುವವರು ಇದ್ದೇ ಇರುತ್ತಾರೆ, ನೋಡುವವರಲ್ಲಿ ಮಕ್ಕಳೂ ಇರುತ್ತಾರೆ. ಸ್ವಯಂಚಾಲಿತವಾಗಿ ಹೆಸರು, ಮೊತ್ತ ಮಾತ್ರ ತೋರಿಸಿ. ಸಂದೇಶವನ್ನು ಒಬ್ಬರು ಓದಿ ಹೇಳಲಿ. ಹೆಸರಿನ ಜಾಗದಲ್ಲೂ ಕೆಟ್ಟ ಮಾತು ಬರಬಹುದಾದ್ದರಿಂದ ಆ ಪಟ್ಟಿಯನ್ನು ಒಂದೇ ಒತ್ತಿಗೆ ತಟ್ಟನೆ ಮರೆಮಾಡುವ ಕೀಲಿಯೊಂದನ್ನು (ಹಾಟ್‌ಕೀ) ಇಟ್ಟುಕೊಳ್ಳಿ.

ದುಡ್ಡು ಹರಿಯುವುದು ಆಟದ ದಿನ ಎಂದುಕೊಂಡವರಿಗೆ ನಿರಾಸೆ ಖಂಡಿತ. ವೀಕ್ಷಕರು ಬೆರಳೆಣಿಕೆಯಷ್ಟಿರುವ ಸಣ್ಣ ತಂಡಕ್ಕೆ ಬರುವುದು ಪರಿಚಯದವರ ಹಣ, ಅದೂ ಒಬ್ಬೊಬ್ಬರಿಗೇ ಬರೆದು ಕೇಳಿದಾಗ. ವಾಟ್ಸ್ಆ್ಯಪ್ ಗುಂಪಿಗೆ ಲಿಂಕ್ ಎಸೆದರೆ ಹೆಬ್ಬೆರಳಿನ ಚಿಹ್ನೆಗಳು ಬರುತ್ತವೆ, ದೇಣಿಗೆ ಬರುವುದು ಕಡಿಮೆ. ನಾಲ್ಕು ವಾರ ಮೊದಲೇ ಪುಟ ತೆರೆದು, ಮೊದಲ ದೇಣಿಗೆಯನ್ನು ನೀವೇ ಹಾಕಿ. ಸೊನ್ನೆ ತೋರಿಸುವ ಪುಟಕ್ಕೆ ಕೊಡಲು ಜನ ಹಿಂದೇಟು ಹಾಕುತ್ತಾರೆ.

ಅಮೆರಿಕದ ಕನ್ನಡಿಗರು ಕೈಬಿಡುವ ದೊಡ್ಡ ಮೊತ್ತ ಇನ್ನೊಂದಿದೆ: ಕಂಪನಿಯ ಮ್ಯಾಚಿಂಗ್. ಅನೇಕ ಸಾಫ್ಟ್‌ವೇರ್ ಕಂಪನಿಗಳು ಉದ್ಯೋಗಿ ಕೊಟ್ಟಷ್ಟನ್ನು ತಾವೂ ಕೊಡುತ್ತವೆ. ಅದಕ್ಕೆ ದಾನಿಯೇ ರಸೀದಿಯನ್ನು ತನ್ನ ಕಂಪನಿಯ ಪೋರ್ಟಲ್‌ನಲ್ಲಿ ಹಾಕಬೇಕು, ಸಂಘಟಕರಿಂದ ಆಗುವ ಕೆಲಸವಲ್ಲ. ಆ ಹಣ ತಿಂಗಳುಗಳ ನಂತರ ಬರುತ್ತದೆ, ನಿಮ್ಮ ಪುಟದ ಮೊತ್ತದಲ್ಲಿ ಆ ದಿನ ಕಾಣುವುದಿಲ್ಲ. ಧನ್ಯವಾದದ ಪತ್ರದಲ್ಲಿ ಇದನ್ನೊಂದು ಸಾಲಾಗಿ ನೆನಪಿಸಿ.

ಆಟದ ದಿನ ವಾಡಿಕೆಯಂತೆ ನವೆಂಬರ್ ಆರಂಭದ ಶನಿವಾರ. ಮರುದಿನ ನವೆಂಬರಿನ ಮೊದಲ ಭಾನುವಾರವಾಗಿದ್ದರೆ ಬೆಳಗಿನ ಜಾವ 2ಕ್ಕೆ ಗಡಿಯಾರ ಒಂದು ಗಂಟೆ ಹಿಂದೆ ಸರಿಯುತ್ತದೆ, 24 ಗಂಟೆಯ ಆಟ 25 ಆಗುತ್ತದೆ. ಸರದಿಪಟ್ಟಿ ಬರೆಯುವಾಗ ಈ ಗಂಟೆ ಯಾರ ಪಾಲಿಗೂ ಬೀಳದೆ ಉಳಿದುಬಿಡುತ್ತದೆ. ಊರಿನಿಂದ ನೋಡುವವರಿಗೆ ಹೇಳುವಾಗಲೂ ಎಚ್ಚರ ಬೇಕು: ಹ್ಯೂಸ್ಟನ್ನಿನಲ್ಲಿ ಶನಿವಾರ ಬೆಳಗ್ಗೆ 8 ಎಂದರೆ ಬೆಂಗಳೂರಿನಲ್ಲಿ ಸಂಜೆ 6.30, ಭಾನುವಾರ ಬೆಳಗ್ಗೆ 8 ಎಂದರೆ ಸಂಜೆ 7.30. ಕನ್ನಡ ಕೂಟಗಳ ರಾಜ್ಯೋತ್ಸವವೂ ಇದೇ ವಾರಾಂತ್ಯಗಳಲ್ಲಿ ಬರುತ್ತದೆ. ಒಂದೇ ಬಳಗದವರನ್ನು ಎರಡೂ ಕಡೆ ಎಳೆದಾಡುವ ಬದಲು ಬೇರೆ ದಿನ ಆರಿಸಿ. ವರ್ಷದ ಯಾವ ದಿನವಾದರೂ ಆಡಬಹುದು, ಗಂಟೆಗಳನ್ನು ಹಲವು ದಿನಗಳಿಗೆ ಹಂಚಲೂಬಹುದು.

ಎಕ್ಸ್‌ಟ್ರಾ ಲೈಫ್ ನೋಡಿಕೊಳ್ಳುವುದು ಹಣವನ್ನು. ಮನೆಯ ವಿದ್ಯುತ್ತು ನಿಮ್ಮ ಹೊಣೆ. ಅಮೆರಿಕದ ಮನೆಯ ಸಾಮಾನ್ಯ ಸರ್ಕ್ಯೂಟ್ 15 ಆಂಪಿಯರ್, 120 ವೋಲ್ಟ್, ಅಂದರೆ 1800 ವಾಟ್. ಗಂಟೆಗಟ್ಟಲೆ ಎಳೆಯುವ ಹೊರೆಗೆ ಅದರ ಶೇ 80, ಅಂದರೆ 1440 ವಾಟ್ ಮಾತ್ರ ಲೆಕ್ಕ ಹಿಡಿಯಬೇಕು. ಪಿಎಸ್5 (ಪ್ಲೇಸ್ಟೇಷನ್ 5) ಗೇಮ್ ಯಂತ್ರ ಆಡುವಾಗ ಸುಮಾರು 200 ವಾಟ್, ದೊಡ್ಡ ಟಿವಿ 100ರಿಂದ 150, ಗೇಮಿಂಗ್ ಪಿಸಿ ಮಾನಿಟರ್ ಸಮೇತ 500ರ ಆಸುಪಾಸು. ಎರಡು ಪಿಸಿ, ಒಂದು ಪಿಎಸ್5, ಒಂದು ಟಿವಿ ಇಟ್ಟರೆ ಸರ್ಕ್ಯೂಟ್ ತುಂಬಿತು. ನವೆಂಬರಿನ ಚಳಿಗೆ ಯಾರೋ 1500 ವಾಟಿನ ಹೀಟರ್ ಹಾಕಿದರೆ ಬ್ರೇಕರ್ ಬೀಳುತ್ತದೆ, ಪ್ರಸಾರ ನಿಲ್ಲುತ್ತದೆ. ಬೇರೆ ಬೇರೆ ಪ್ಲಗ್ಗಿಗೆ ಚುಚ್ಚಿದರೆ ಪ್ರಯೋಜನವಿಲ್ಲ, ಒಂದು ಕೋಣೆಯ ಪ್ಲಗ್ಗುಗಳೆಲ್ಲ ಸಾಮಾನ್ಯವಾಗಿ ಒಂದೇ ಸರ್ಕ್ಯೂಟಿನವು. ಮುನ್ನಾದಿನ ಒಂದೊಂದೇ ಬ್ರೇಕರ್ ಇಳಿಸಿ, ಯಾವ ಪ್ಲಗ್ಗು ಸತ್ತಿತು ಎಂದು ನೋಡಿ ಟೇಪ್ ಅಂಟಿಸಿ ಗುರುತು ಮಾಡಿ. ರೂಟರ್ ಮತ್ತು ಪ್ರಸಾರದ ಕಂಪ್ಯೂಟರ್ ಆಟದ ಯಂತ್ರಗಳಿಲ್ಲದ ಸರ್ಕ್ಯೂಟಿನಲ್ಲಿರಲಿ.

ಪ್ರಸಾರಕ್ಕೆ 6000 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್) ವೇಗ ಇಟ್ಟರೆ 24 ಗಂಟೆಗೆ ಸುಮಾರು 65 ಜಿಬಿ ಅಪ್‌ಲೋಡ್ ಆಗುತ್ತದೆ. ಡೇಟಾ ಮಿತಿ ಇರುವ ಸಂಪರ್ಕದಲ್ಲಿ ಇದನ್ನೂ, ಆಟಗಳ ಅಪ್‌ಡೇಟ್‌ಗಳನ್ನೂ ಕೂಡಿಸಿ ನೋಡಿ. ಯೂಟ್ಯೂಬ್ 12 ಗಂಟೆಗಿಂತ ಉದ್ದದ ನೇರಪ್ರಸಾರವನ್ನು ಪೂರ್ತಿಯಾಗಿ ಉಳಿಸಿಕೊಡುವುದಿಲ್ಲ, ಆದ್ದರಿಂದ 11ನೇ ಗಂಟೆಯ ಸುಮಾರಿಗೆ ನಿಲ್ಲಿಸಿ ಹೊಸದಾಗಿ ಶುರು ಮಾಡಿ. ಓಬಿಎಸ್‌ನಲ್ಲಿ ಎಂಕೆವಿ ರೂಪದಲ್ಲಿ ರೆಕಾರ್ಡ್ ಮಾಡಿ. ಮಾಮೂಲಿ ಎಂಪಿ4 ಆದರೆ ನಡುವೆ ಕರೆಂಟು ಹೋದಾಗ ಇಡೀ ಫೈಲು ಹಾಳಾಗಬಹುದು. ಪಿಎಸ್5ನಲ್ಲಿ ನಕಲು ತಡೆಯುವ ಎಚ್‌ಡಿಸಿಪಿಯನ್ನು ಆಫ್ ಮಾಡದಿದ್ದರೆ, ಆಟದ ಚಿತ್ರವನ್ನು ಕಂಪ್ಯೂಟರಿಗೆ ತರುವ ಕ್ಯಾಪ್ಚರ್ ಕಾರ್ಡಿಗೆ ಬರುವುದು ಕಪ್ಪು ಪರದೆ. ಹಿನ್ನೆಲೆಯಲ್ಲಿ ಚಿತ್ರಗೀತೆ ಹಾಕುವ ಆಸೆ ಬಿಡಿ, ಹಕ್ಕುಸ್ವಾಮ್ಯದ ದೂರು ಬಂದು ವಿಡಿಯೋ ಮೂಕವಾಗುತ್ತದೆ. ಆನ್‌ಲೈನ್ ಸರ್ವರ್ ಕೈಕೊಟ್ಟರೆ ಆಡಲು ಇಂಟರ್ನೆಟ್ ಬೇಡದ, ನಾಲ್ವರು ಕೂತು ಆಡುವ ಆಟ ಒಂದಾದರೂ ಇರಲಿ.

ಒಬ್ಬರೇ 24 ಗಂಟೆ ಕೂರಬೇಕೆಂಬ ನಿಯಮ ಎಲ್ಲೂ ಇಲ್ಲ. ಆರು ಜನ, ನಾಲ್ಕು ಗಂಟೆಯ ಸರದಿ ಚೆನ್ನಾಗಿ ಒಗ್ಗುತ್ತದೆ. ರಾತ್ರಿ 2ರಿಂದ 6ರ ಸರದಿಗೆ ಇಬ್ಬರನ್ನು ಹಾಕಿ. ಗಂಟೆಗೊಮ್ಮೆ ಎದ್ದು ನಡೆಯಿರಿ. ನಿದ್ದೆಗೆಟ್ಟವರು ಕಾರು ಓಡಿಸಿಕೊಂಡು ಮನೆಗೆ ಹೋಗಕೂಡದು. ಮಲಗಲು ಜಾಗ ಅಥವಾ ಟ್ಯಾಕ್ಸಿ ಮೊದಲೇ ಗೊತ್ತುಮಾಡಿ.

ಬೇರೆ ದಾರಿಗಳೂ ಇವೆ. 2003ರಲ್ಲಿ ಶುರುವಾದ ಚೈಲ್ಡ್ಸ್ ಪ್ಲೇ ಎಂಬ ಸಂಸ್ಥೆ ಆಸ್ಪತ್ರೆಯ ಮಕ್ಕಳಿಗೆ ಆಟಿಕೆ, ಗೇಮ್‌ಗಳನ್ನು ತಲುಪಿಸುತ್ತದೆ. ಕೆನಡಾದ ಡೆಸರ್ಟ್ ಬಸ್ ಫಾರ್ ಹೋಪ್ ಎಂಬ ಗೇಮಿಂಗ್ ಕಾರ್ಯಕ್ರಮ 2007ರಿಂದ ಚೈಲ್ಡ್ಸ್ ಪ್ಲೇಗಾಗಿಯೇ ಹಣ ಎತ್ತುತ್ತಿದೆ. ಟಿಲ್ಟಿಫೈ ಎಂಬ ದೇಣಿಗೆ ತಾಣದಲ್ಲಿ ಹಣ ಪಡೆಯುವ ಸಂಸ್ಥೆಯನ್ನು ನೀವೇ ಆರಿಸಬಹುದು. ನಿಮ್ಮ ಊರಿನ ಆಸ್ಪತ್ರೆಯ ಚಿಕಿತ್ಸೆಗೇ ಹಣ ಸೇರಬೇಕೆಂದಿದ್ದರೆ ಎಕ್ಸ್‌ಟ್ರಾ ಲೈಫೇ ಸರಿ.

ಆದರೆ ಇದರ ಆಸ್ಪತ್ರೆಗಳು ಇರುವುದು ಅಮೆರಿಕ, ಕೆನಡಾಗಳಲ್ಲಿ. ಬೆಂಗಳೂರು, ಮೈಸೂರಿನ ಮಕ್ಕಳಿಗಾಗಿ ಆಡುವವರಿಗೆ ಇದು ಒದಗುವುದಿಲ್ಲ, ಭಾರತದಿಂದ ಕೊಟ್ಟ ದೇಣಿಗೆಗೆ 80ಜಿ ಆದಾಯ ತೆರಿಗೆ ವಿನಾಯಿತಿಯೂ ಸಿಗುವುದಿಲ್ಲ. ಭಾರತದಲ್ಲಿ ಮಾಡುವವರು 80ಜಿ ಇರುವ ಟ್ರಸ್ಟಿನ ದೇಣಿಗೆ ಪುಟದ ಲಿಂಕನ್ನೇ ಪರದೆಯ ಮೇಲೆ ಹಾಕಿ, ಸ್ವಂತ ಯುಪಿಐ ಕ್ಯೂಆರ್ ಬೇಡ. ವಿದೇಶಿ ಪೌರತ್ವ ಪಡೆದ ನೆಂಟರಿಂದ ಹಣ ಪಡೆಯಲು ಆ ಟ್ರಸ್ಟಿಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇರಲೇಬೇಕು, ಆ ನೆಂಟರಿಗೆ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡು ಇದ್ದರೂ ಇದೇ ನಿಯಮ. ಲಿಂಕ್ ಹಂಚುವ ಮೊದಲೇ ಟ್ರಸ್ಟಿನ ಕಚೇರಿಗೆ ಫೋನ್ ಮಾಡಿ ಎರಡನ್ನೂ ಕೇಳಿಕೊಳ್ಳಿ.