ಚಂಡಮಾರುತದ ನಂತರ ಮರ ತೆರವು: ಕೌಂಟಿ ಉಪಗುತ್ತಿಗೆಯೋ, ಮನೆಮಾಲೀಕರ ಕೆಲಸವೋ?

2024ರ ಹೆಲೀನ್‌ನಂಥ ಚಂಡಮಾರುತದ ನಂತರ ಅಮೆರಿಕದ ಹೊರರಾಜ್ಯದ ಮರ ಕಡಿಯುವ ತಂಡಗಳಿಗೆ ಮುಖ್ಯವಾಗಿ ಎರಡು ದಾರಿ.

ಕೌಂಟಿಯ (ಜಿಲ್ಲೆಯಂಥ ಸ್ಥಳೀಯ ಆಡಳಿತದ) ಮುಖ್ಯ ಗುತ್ತಿಗೆದಾರನ ಕೆಳಗೆ ಸೇರಿದರೆ ಗಿರಾಕಿಗಾಗಿ ಅಲೆಯಬೇಕಿಲ್ಲ, ಆದರೆ ನಿಯಮ ಬಲು ಬಿಗಿ. ಫೆಮಾ (ಅಮೆರಿಕ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ) ಹಣ ಸಿಗಲು ತೂಗಾಡುವ ಕೊಂಬೆ 2 ಇಂಚಿಗಿಂತ ದಪ್ಪವಿರಬೇಕು. ವಾಲಿದ ಮರ ಕನಿಷ್ಠ 6 ಇಂಚು ವ್ಯಾಸವಿದ್ದು 30 ಡಿಗ್ರಿಗಿಂತ ಹೆಚ್ಚು ಬಾಗಿರಬೇಕು. ಮೇಲ್ವಿಚಾರಕ ಫೋಟೊ ತೆಗೆದು ದಾಖಲಿಸುವ ಮೊದಲೇ ಗರಗಸ ಹಾಕಿದರೆ ಆ ಮರದ ದುಡ್ಡು ಹೋದಂತೆಯೇ. ಹಣ ಕೌಂಟಿಯಿಂದ ಗುತ್ತಿಗೆದಾರನಿಗೆ, ಅವನಿಂದ ನಿಮಗೆ ಇಳಿಯುವಷ್ಟರಲ್ಲಿ ತಿಂಗಳುಗಳೇ ಕಳೆಯಬಹುದು. ಅಲ್ಲಿಯವರೆಗೆ ಡೀಸೆಲ್, ಕೂಲಿ, ವಸತಿ ನಿಮ್ಮ ಜೇಬಿನಿಂದಲೇ. ಸಣ್ಣ ತಂಡಗಳು ಮುಳುಗುವುದು ಇಲ್ಲೇ.

ಮನೆಮಾಲೀಕರ ಕೆಲಸದಲ್ಲಿ ಹಣ ಬೇಗ. ಛಾವಣಿ ಮೇಲೆ ಬಿದ್ದ ಮರಕ್ಕೆ ವಿಮೆ ಸಾಮಾನ್ಯವಾಗಿ ಕೊಡುತ್ತದೆ, ಬರೀ ಅಂಗಳದಲ್ಲಿ ಬಿದ್ದದ್ದಕ್ಕೆ ಹೆಚ್ಚಾಗಿ ಇಲ್ಲ. ಫ್ಲಾರಿಡಾದಲ್ಲಿ 2023ರಿಂದ ನೀಡಿದ ಪಾಲಿಸಿಗಳ ಪರಿಹಾರದ ಹಕ್ಕನ್ನು ಗುತ್ತಿಗೆದಾರನಿಗೆ ಬರೆದುಕೊಡುವಂತಿಲ್ಲ. ಮಾಲೀಕರಿಂದಲೇ ವಸೂಲಿ ಮಾಡಿ. ಲೂಸಿಯಾನಾದಲ್ಲಿ ಆರ್ಬರಿಸ್ಟ್ (ಮರ ಆರೈಕೆ ತಜ್ಞ) ಪರವಾನಗಿ ಕಡ್ಡಾಯ. ವಿದ್ಯುತ್ ತಂತಿ ಸತ್ತಿದೆ ಎಂದು ನಂಬಬೇಡಿ: ಪಕ್ಕದ ಮನೆಯ ಜನರೇಟರ್ ಅದಕ್ಕೆ ಜೀವ ಕೊಟ್ಟಿರಬಹುದು. ಕನಿಷ್ಠ 10 ಅಡಿ ದೂರವಿರಿ.

ಗ್ರ್ಯಾಪಲ್ ಟ್ರಕ್ (ದಿಮ್ಮಿ ಹಿಡಿದೆತ್ತುವ ಯಂತ್ರದ ಕೈಯುಳ್ಳ ಲಾರಿ) ಜೊತೆಗೆ ಎರಡು ತಿಂಗಳ ಖರ್ಚು ಕೈಯಲ್ಲಿದ್ದರೆ ಮಾತ್ರ ಕೌಂಟಿ ಕೆಲಸ ಹಿಡಿಯಿರಿ.