ಅಪ್ಪನ ಸಿಂಗರ್ 31ಕೆ20: ತುಕ್ಕಿಗೆ ಯಾವುದು ಮೇಲು, ಓಟಕ್ಕೆ ಯಾವುದು?

ಸಾಗರದ ಅಂಗಡಿಯಲ್ಲಿ ಅಪ್ಪ ಕೋಟು, ಪ್ಯಾಂಟು ಎಲ್ಲ ಹೊಲಿದದ್ದು ಒಂದೇ ಮಿಷನ್ನಿನಲ್ಲಿ. ಸಿಂಗರ್ 31ಕೆ20. ‘ಕೆ’ ಅಂದರೆ ಕಿಲ್ಬೋವಿ, ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಊರಿನಲ್ಲಿದ್ದ ಕಾರ್ಖಾನೆ. ಅದು ಬಾಗಿಲು ಹಾಕಿದ್ದು 1980ರಲ್ಲಿ. ಅಂಗಡಿ ಬಿಟ್ಟ ಮೇಲೆ ಮಿಷನ್ನು ಕೊಟ್ಟಿಗೆಯ ಮೂಲೆಯಲ್ಲಿ ಒಂಬತ್ತು ಮಳೆಗಾಲ ಕಳೆಯಿತು. ಕಳೆದ ಚಳಿಗಾಲದಲ್ಲಿ ಅದನ್ನು ಬಿಚ್ಚಿಕೊಂಡು ಕೂತೆ. ಒಬ್ಬೊಬ್ಬರು ಒಂದೊಂದು ದಾರಿ ಹೇಳಿದ್ದರಿಂದ ಭಾಗಕ್ಕೊಂದರಂತೆ ಎಲ್ಲವನ್ನೂ ಮಾಡಿ ನೋಡಿದೆ.

ಮೊದಲು ತಲೆ, ಅಂದರೆ ಸ್ಟ್ಯಾಂಡಿನ ಮೇಲೆ ಕೂರುವ ಹೊಲಿಯುವ ಭಾಗ. ಚಕ್ರ ಒಂದಿಷ್ಟೂ ಅಲುಗುತ್ತಿರಲಿಲ್ಲ. ಅದಕ್ಕೆ ಕಾರಣ ತುಕ್ಕಲ್ಲ, ಕೊಬ್ಬರಿ ಎಣ್ಣೆ. ಕೈಗೆ ಸಿಕ್ಕಿತೆಂದು ಯಾರೋ ಬಿಟ್ಟದ್ದು ಒಳಗೆಲ್ಲ ಅಂಟಿನಂತೆ ಗಟ್ಟಿಯಾಗಿತ್ತು. ಮಿಷನ್ ಎಣ್ಣೆ ಬಿಟ್ಟು ಎರಡು ದಿನ ಕಾದರೂ ಏನೂ ಆಗಲಿಲ್ಲ. ಸೀಮೆಎಣ್ಣೆಯನ್ನು ಪ್ರತಿ ತೂತಿಗೂ ಹನಿ ಹನಿಯಾಗಿ ಬಿಟ್ಟು, ಹೇರ್ ಡ್ರೈಯರ್‌ನಿಂದ ಬಿಸಿ ಕೊಟ್ಟ ಮೇಲೆ ಮೂರನೇ ರಾತ್ರಿ ಚಕ್ರ ತಿರುಗಿತು. ಸೀಮೆಎಣ್ಣೆ ಕೊಳೆ ಕರಗಿಸುತ್ತದೆಯೇ ಹೊರತು ಜಾರಿಕೆ ಕೊಡುವುದಿಲ್ಲ. ಅದನ್ನು ಒರೆಸಿ ತೆಗೆದು ಮಿಷನ್ ಎಣ್ಣೆ ಬಿಡಲೇಬೇಕು. ಹೊರಮೈಗೆ ಮಾತ್ರ ಮಿಷನ್ ಎಣ್ಣೆ, ಹತ್ತಿ ಬಟ್ಟೆ ಸಾಕು. ಮೂಲೆಯೊಂದರಲ್ಲಿ ಥಿನ್ನರ್ ಹಚ್ಚಿ ನೋಡಿದ್ದಕ್ಕೆ ಉಗುರಗಲದ ಬಂಗಾರದ ಚಿತ್ತಾರ ಬಟ್ಟೆಗೆ ಬಂದುಬಿಟ್ಟಿತು. ಸ್ಪಿರಿಟ್ಟನ್ನೂ ಹತ್ತಿರ ತರಬೇಡಿ. ಹೋದ ಚಿತ್ತಾರ ತಿರುಗಿ ಬರುವುದಿಲ್ಲ.

ನಿಜವಾದ ಕೆಲಸ ಇದ್ದದ್ದು ಸ್ಟ್ಯಾಂಡಿನಲ್ಲಿ. ಎಡಗಾಲನ್ನು ತಂತಿ ಬ್ರಷ್, ಎಮರಿ ಪೇಪರ್ ಹಿಡಿದು ಉಜ್ಜಿದೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದೆಂದು ನೀರು ಹಾಕಿಕೊಂಡೇ ಉಜ್ಜಿದ್ದು. ನಾಲ್ಕು ದಿನ ಹಿಡಿಯಿತು, ಆದರೂ ಎರಕದ ಬಳ್ಳಿ ಚಿತ್ತಾರದ ಸುರುಳಿಗಳ ಒಳಗೆ ತುಕ್ಕು ಹಾಗೇ ಉಳಿಯಿತು. ಬಲಗಾಲು ಮತ್ತು ದೊಡ್ಡ ಗಾಲಿಯನ್ನು ಶಿವಮೊಗ್ಗಕ್ಕೆ ಸ್ಯಾಂಡ್ ಬ್ಲಾಸ್ಟಿಂಗಿಗೆ, ಅಂದರೆ ಗಾಳಿಯ ರಭಸಕ್ಕೆ ಮರಳು ಚಿಮ್ಮಿಸಿ ತುಕ್ಕು ಕೀಳಿಸಲು ಒಯ್ದೆ. ಅರ್ಧ ಗಂಟೆಯಲ್ಲಿ ಬೂದು ಬಣ್ಣದ ಹೊಸ ಬೀಡುಕಬ್ಬಿಣ! ಆದರೆ ಗಾಲಿಯ ಬೇರಿಂಗ್ ಗೂಡಿನಲ್ಲಿ ಮರಳು ಸೇರಿತ್ತು; ಕಳಿಸುವ ಮುಂಚೆ ಅದನ್ನು ಬಟ್ಟೆ, ಟೇಪಿನಿಂದ ಮುಚ್ಚಬೇಕಿತ್ತು. ಅದೇ ದಿನ ಪ್ರೈಮರ್ ಹೊಡೆಯದೆ ಬಿಟ್ಟದ್ದಕ್ಕೆ ಬೆಳಗಾಗುವಷ್ಟರಲ್ಲಿ ಕೆಂಪು ಪುಡಿ ಕೂತಿತ್ತು.

ಪೆಡಲ್ಲಿಗೆ ಮಾಡಿದ್ದು ಎಲೆಕ್ಟ್ರಾಲಿಸಿಸ್, ಅಂದರೆ ಸೋಡಾ ನೀರಿನಲ್ಲಿ ಮುಳುಗಿಸಿ ಕರೆಂಟು ಹರಿಸಿ ತುಕ್ಕು ಬಿಡಿಸುವುದು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು, 4 ಲೀಟರಿಗೆ ಒಂದು ದೊಡ್ಡ ಚಮಚದಂತೆ ವಾಷಿಂಗ್ ಸೋಡಾ, 12 ವೋಲ್ಟಿನ ಬ್ಯಾಟರಿ ಚಾರ್ಜರ್. ಪೆಡಲ್ಲಿಗೆ ಮೈನಸ್, ಸುತ್ತ ನಿಲ್ಲಿಸಿದ ಹಳೇ ಕಬ್ಬಿಣದ ಸರಳುಗಳಿಗೆ ಪ್ಲಸ್. ತಿರುಗುಮುರುಗಾದರೆ ಸವೆಯುವುದು ನಿಮ್ಮ ಪೆಡಲ್ಲು. ಸರಳಿನ ಜಾಗದಲ್ಲಿ ಸ್ಟೀಲ್ ತಟ್ಟೆ, ಲೋಟ ಇಡಲೇಬಾರದು, ವಿಷಕಾರಿ ಕ್ರೋಮಿಯಂ ನೀರಿಗೆ ಸೇರುತ್ತದೆ. ಮೇಲೇಳುವ ಗುಳ್ಳೆ ಹೈಡ್ರೋಜನ್, ಹಾಗಾಗಿ ಅಂಗಳದಲ್ಲೇ ಮಾಡಿ, ಹತ್ತಿರ ಬೆಂಕಿ ಬೇಡ. ಸರಳಿಗೆ ಎದುರಾಗಿರುವ ಕಡೆಯೇ ಹೆಚ್ಚು ಕೆಲಸ ಆಗುವುದರಿಂದ ನಡುವೆ ಒಮ್ಮೆ ತಿರುಗಿಸಿದೆ. 20 ಗಂಟೆಯ ನಂತರ ಎತ್ತಿ ಬ್ರಷ್ ಆಡಿಸಿದರೆ ಕಪ್ಪು ಕೆಸರು ಜಾರಿ, ಸಿಂಗರ್ ಎಂಬ ಎರಕದ ಅಕ್ಷರಗಳ ಅಂಚು ಮೊನಚಾಗಿ ಎದ್ದುಬಂದವು. ಅಪ್ಪ ಅದರ ಮೇಲೆ ಬೆರಳಾಡಿಸಿ ಸುಮ್ಮನೆ ನಿಂತರು.

ಸ್ಕ್ರೂ, ನಟ್ಟುಗಳಿಗೆ ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರು. ಒಂದು ರಾತ್ರಿ ನೆನೆಸಿ, ಅಡುಗೆ ಸೋಡಾದ ನೀರಲ್ಲಿ ತೊಳೆದು, ಒಣಗಿಸಿ ಎಣ್ಣೆ ಹಚ್ಚಿದರಾಯಿತು. ಸ್ಪ್ರಿಂಗ್‌ಗಳನ್ನು ಮಾತ್ರ ಹುಳಿಗೆ ಹಾಕಬೇಡಿ, ಮುರುಕಲಾಗುತ್ತವೆ.

ನನ್ನ ಮಟ್ಟಿಗೆ ಚಿತ್ತಾರದ ಎರಕಕ್ಕೆ ಎಲೆಕ್ಟ್ರಾಲಿಸಿಸ್ಸೇ ಸರಿ. ಪುರುಸೊತ್ತಿಲ್ಲದವರು ಬ್ಲಾಸ್ಟಿಂಗ್ ಮಾಡಿಸಬಹುದು. ಕೈಯಲ್ಲಿ ಉಜ್ಜುವುದು ಸಪಾಟು ಭಾಗಕ್ಕಷ್ಟೇ. ಎಡಗಾಲನ್ನೂ ಕೊನೆಗೆ ಅದೇ ಡ್ರಮ್ಮಿಗೆ ಇಳಿಸಿದೆ. ಬಣ್ಣದಲ್ಲಿ ಪೌಡರ್ ಕೋಟಿಂಗ್ (ಬಣ್ಣದ ಪುಡಿ ಸಿಂಪಡಿಸಿ ಕಾಯಿಸಿ ಕೂರಿಸುವುದು) ಗಟ್ಟಿ, ಆದರೆ ದಪ್ಪ ಪದರ ಅಕ್ಷರಗಳ ಅಂಚನ್ನು ಮುಚ್ಚುತ್ತದೆ. ನಾನು ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು ಮೇಲೆ ಎರಡು ಕೋಟು ಕಪ್ಪು ಎನಾಮಲ್ ಬಳಿದೆ.

ಇನ್ನು ಓಟ. ಪರಿಚಯದ ದರ್ಜಿಯೊಬ್ಬರ ಟೇಬಲ್ಲಿಗೆ ತಲೆಯನ್ನು ಒಯ್ದು ಎರಡೂ ಬಗೆಯ ಮೋಟಾರ್ ಹಾಕಿ ನೋಡಿದೆವು. ಕ್ಲಚ್ ಮೋಟಾರ್ ಹೊಲಿಯಲಿ ಬಿಡಲಿ ಗುಂಯ್ ಎನ್ನುತ್ತಲೇ ಇರುತ್ತದೆ, ಕಾಲಿಟ್ಟರೆ ಸಾಕು ನುಗ್ಗುತ್ತದೆ. ಈ ಮಿಷನ್ನಿಗೆ ಈಗಿನವುಗಳಂತೆ ಎಣ್ಣೆಯ ಪಂಪ್ ಇಲ್ಲ, ನಾವು ಕೈಯಾರೆ ಬಿಟ್ಟಷ್ಟೇ ಎಣ್ಣೆ. ಆ ವೇಗಕ್ಕೆ ಬೇಗ ಬಿಸಿಯಾಯಿತು. ಸರ್ವೋ ಮೋಟಾರ್ ಕಾಲು ಒತ್ತಿದಾಗ ಮಾತ್ರ ತಿರುಗುತ್ತದೆ, ವೇಗಕ್ಕೆ ಮಿತಿ ಹಾಕಬಹುದು, ಸದ್ದೂ ಇಲ್ಲ. ದಿನವಿಡೀ ಹೊಲಿಯುವವರು ಕಣ್ಮುಚ್ಚಿ ಅದನ್ನೇ ಹಾಕಿಸಲಿ.

“ಕಾಲರಿನ ಮೂಲೆ ತಿರುಗಿಸುವಾಗ ಒಂದೇ ಹೊಲಿಗೆ ಬೇಕು ಮಗಾ, ಅದು ಕಾಲಿಗೇ ಗೊತ್ತು,” ಅಂದರು ಅಪ್ಪ. ನಮ್ಮ ಮನೆಯಲ್ಲಿ ಪೆಡಲ್ಲೇ ಉಳಿಯಿತು, ಹೊಸ ಚರ್ಮದ ಬೆಲ್ಟಿನೊಂದಿಗೆ. ಜೂನ್ ಮಳೆಗೆ ಬೆಲ್ಟು ಸಡಿಲಾಗಿ ಜಾರತೊಡಗಿದಾಗ ಅರ್ಧ ಇಂಚು ಕತ್ತರಿಸಿ ಮತ್ತೆ ಕೊಕ್ಕೆ ಹಾಕಿದೆವು.