ಗಿಡ ಗಟ್ಟಿ, ಚೀಟಿ ಟೊಳ್ಳು

ಆನ್‌ಲೈನ್ ನರ್ಸರಿಯೊಂದರಿಂದ ಎರಡು ಕುಂಡ ಬಿದಿರು ತರಿಸಿದ್ದೆ. ಪ್ಯಾಕಿಂಗ್‌ಗೆ ಪೂರ್ತಿ ಅಂಕ. ಬೇರಿನ ಮಣ್ಣು ಉದುರಿರಲಿಲ್ಲ, ಎಲೆ ಬಾಡಿರಲಿಲ್ಲ. ತಕರಾರು ಇರುವುದು ಹೆಸರಿನ ಚೀಟಿಯ ಬಗ್ಗೆ.

ನಾನು ಕೇಳಿದ್ದು ಫಿಲೋಸ್ಟಾಕಿಸ್ ಔರಿಯೊಸಲ್ಕೇಟಾ ‘ಸ್ಪೆಕ್ಟಾಬಿಲಿಸ್’. ಮೊದಲೆರಡು ಪದ ಜಾತಿಯ ಹೆಸರು, ಕೊನೆಯದು ತಳಿಯದು. ಚೀಟಿಯಲ್ಲೂ ಅದೇ ಇದೆ. ಈ ತಳಿಯ ಗಳ (ಬಿದಿರಿನ ಕೋಲು) ಹಳದಿ, ಕೊಂಬೆ ಹೊರಡುವ ಗೆಣ್ಣಿನ ಮೇಲೆ ಉದ್ದಕ್ಕೆ ಒಂದು ತಗ್ಗು ಪಟ್ಟಿ ಇರುತ್ತಲ್ಲ, ಅದು ಮಾತ್ರ ಹಸಿರು. ಬಂದದ್ದು ಪೂರ್ತಿ ಉಲ್ಟಾ: ಗಳ ಹಸಿರು, ತಗ್ಗು ಹಳದಿ. ಅಂದರೆ ಮಾಮೂಲಿ ಔರಿಯೊಸಲ್ಕೇಟಾ. ಕೇಳಿದರೆ ‘ಎರಡೂ ಒಂದೇ ಜಾತಿ’ ಅಂತ ಉತ್ತರ. ಜಾತಿ ಒಂದೇ, ಒಪ್ಪಿದೆ. ಆದರೆ ನಾನು ಜಾಸ್ತಿ ದುಡ್ಡು ಕೊಟ್ಟಿದ್ದು ಕೊನೆಯ ಆ ಒಂದು ಪದಕ್ಕೆ ಅಲ್ವಾ? ತಳಿಯ ಹೆಸರನ್ನು ಒಂಟಿ ಕೊಟೇಷನ್‌ನಲ್ಲಿ ಹಾಕುವ ನಿಯಮ ಇರುವುದು ಸುಮ್ನೆ ಅಲಂಕಾರಕ್ಕಲ್ಲ.

ಎರಡನೇ ಕುಂಡದ ಮೇಲೆ ‘ಕಪ್ಪು ಬಿದಿರು, ನೈಗ್ರಾ’ ಅಂತಷ್ಟೇ ಇದೆ. ಹೊಸ ಗಳ ಹಸಿರಾಗಿ ಎದ್ದಿದೆ. ಅದಕ್ಕೆ ಗಾಬರಿ ಬೇಡ, ಕಪ್ಪು ಬಿದಿರೂ ಹುಟ್ಟುವಾಗ ಹಸಿರೇ, ಬಣ್ಣ ತಿರುಗಲು ಒಂದೆರಡು ವರ್ಷ ಬೇಕು. ತಲೆನೋವು ಏನೆಂದರೆ ಇದೇ ಜಾತಿಯ ‘ಹೆನೋನ್’ ಕೊನೆವರೆಗೂ ಹಸಿರಾಗೇ ಇರುತ್ತದೆ, ‘ಬೊರಿಯಾನಾ’ಕ್ಕೆ ಕಂದು ಮಚ್ಚೆ ಬೀಳುತ್ತದೆ. ತಮಾಷೆ ನೋಡಿ, ಕಾಡಿನ ಸಹಜ ರೂಪ ಹಸಿರು ಹೆನೋನೇ. ಆದರೆ ಕಪ್ಪು ರೂಪಕ್ಕೇ ಮೊದಲು ನೈಗ್ರಾ (ಲ್ಯಾಟಿನ್‌ನಲ್ಲಿ ‘ಕಪ್ಪು’) ಅಂತ ಹೆಸರಿಟ್ಟಿದ್ದರಿಂದ ಹಸಿರು ಬಿದಿರೂ ‘ಕಪ್ಪು’ ಅನ್ನಿಸಿಕೊಂಡು ಕೂತಿದೆ. ನನ್ನ ಕುಂಡದಲ್ಲಿ ಯಾವುದಿದೆಯೋ, ಕಾಯಬೇಕು.

ಉಚಿತವಾಗಿ ಒಂದು ‘ಲಕ್ಕಿ ಬ್ಯಾಂಬೂ’ ಕೂಡ ಕಳಿಸಿದ್ದಾರೆ. ಅದು ಡ್ರಸೀನಾ. ಬಿದಿರಿನ ದೂರದ ನೆಂಟನೂ ಅಲ್ಲ ಅನ್ನಬಹುದು, ಬಿದಿರು ಹುಲ್ಲಿನ ಕುಲ, ಇದು ಹುಲ್ಲೇ ಅಲ್ಲ.

ಅವರ ಪಟ್ಟಿಯಲ್ಲಿ ತಳಿ ಹೆಸರಿನ ಬೀಜದ ಪ್ಯಾಕೆಟ್‌ಗಳೂ ಇವೆ. ದಯವಿಟ್ಟು ಕೊಳ್ಳಬೇಡಿ. ಇಂಥ ತಳಿಗಳನ್ನು ಬುಡ ಒಡೆದು ಬೆಳೆಸಿದರೆ ಮಾತ್ರ ಹೆಸರು ಜೊತೆಗೆ ಬರುತ್ತದೆ. ಬೀಜದ ಮರಿ ತಾಯಿಯ ಹಾಗೇ ಇರುತ್ತದೆ ಅನ್ನುವ ಭರವಸೆ ಇಲ್ಲ.

ಒಂದು ಮೆಚ್ಚುಗೆ: ಬೇರು ಹರಿದು ಹಬ್ಬುವ ಜಾತಿಯೋ, ಮೆಳೆ ಕಟ್ಟಿ ಒಂದೇ ಕಡೆ ನಿಲ್ಲುವುದೋ ಅನ್ನುವುದನ್ನು ಚೀಟಿಯಲ್ಲಿ ಸರಿಯಾಗಿ ಬರೆದಿದ್ದಾರೆ. ಗೊತ್ತಿಲ್ಲದೆ ನೆಲದಲ್ಲಿ ನೆಟ್ಟು ಒದ್ದಾಡುವವರಿಗೆ ಅದು ದೊಡ್ಡ ಉಪಕಾರ.

ಇವರ ಹತ್ತಿರ ಕೊಳ್ಳುವುದಾದರೆ, ದುಡ್ಡು ಕಟ್ಟುವ ಮೊದಲೇ ಗೆಣ್ಣಿನ ಹತ್ತಿರದ ಫೋಟೋ ಕೇಳಿ. ಸದ್ಯಕ್ಕೆ ಮೂರು ಸ್ಟಾರ್. ಆ ಎರಡನೇ ಕುಂಡ ಕಪ್ಪಾದರೆ ಇನ್ನೊಂದು ಸೇರಿಸುತ್ತೇನೆ.